ಮಂಡಿಯ ಮೇಲಿನ ಹಿಡಿತ

ಸ್ಕೋವಿಯಾ ನಂಗೋಬಿಗೆ ತನ್ನ ಮಂಡಿಗಳ ಮೇಲೆ ಹಿಡಿತ ಇರಲಿಲ್ಲ. ಇದು ಅವಳ ಮಾತಲ್ಲ, ಫಾರ್ಮಿನ ಮಾತು. ಹದಿನಾಲ್ಕು ದೇಶಗಳಿಂದ ಮೂವತ್ತೆರಡು ಯುವತಿಯರನ್ನು ಆರಿಸಿ, ಎರಡು ವರ್ಷ ತಿದ್ದಿ ತೀಡಿ, ಆಫ್ರಿಕದ ನಾಳಿನ ನಾಯಕಿಯರು ಇವರೇ ಎಂದು ಲೋಕಕ್ಕೆ ಒಪ್ಪಿಸುವ ಆ ಕಾರ್ಯಕ್ರಮದಲ್ಲಿ ಪ್ರತಿಯೊಬ್ಬಳಿಗೂ ಹತ್ತು ಕಲಮುಗಳ ಒಂದು ಫಾರ್ಮು ಇತ್ತು. ವರದಿ ಬರೆಯುವುದು, ಸಭೆ ನಡೆಸುವುದು, ಜಗಳ ಬಿಡಿಸುವುದು, ದಾನಿಗಳಿಗೆ ಬೇಸರವಾಗದಂತೆ ಬಡತನವನ್ನು ವಿವರಿಸುವುದು, ಎಲ್ಲದರಲ್ಲೂ ಸ್ಕೋವಿಯಾಗೆ ಎಂಟು, ಇಲ್ಲವೆ ಒಂಬತ್ತು. ಏಳನೆಯ ಕಲಮಿನಲ್ಲಿ, 'ವ್ಯಕ್ತಿತ್ವದ ಗತ್ತು' ಎಂಬುದರ ಮುಂದೆ ಮಾತ್ರ ಹತ್ತಕ್ಕೆ ಮೂರು. ಪಕ್ಕದಲ್ಲಿ ಕೋಚ್ ಕೆಮಿಗೀಶಾ ಮೇಡಂ ಅವರ ದುಂಡನೆಯ ಅಕ್ಷರದಲ್ಲಿ ಒಂದು ಸಾಲು: ಮಂಡಿಗಳ ಮೇಲೆ ಹಿಡಿತವಿಲ್ಲ. ಓದಿದವರು ಹುಡುಗಿಗೆ ಸಂಧಿವಾತ ಎಂದುಕೊಂಡರೆ ತಪ್ಪಿಲ್ಲ.

ಬೆಳಿಗ್ಗೆ ಆರೂವರೆಗೆ ಜಿಂಜಾದ ಅತಿಥಿಗೃಹದ ಕೋಣೆಯಲ್ಲಿ ಅವಳು ಕನ್ನಡಿಯ ಮುಂದೆ ಕಾಲಗಲಿಸಿ, ಸೊಂಟಕ್ಕೆ ಕೈಕೊಟ್ಟು, ಎರಡು ನಿಮಿಷ ನಿಂತಳು. ನೈರೋಬಿಯ ತರಬೇತಿಯಲ್ಲಿ ಹೇಳಿಕೊಟ್ಟ ನಿಲುವು ಇದು, ಹೆಸರು ಬೆಟ್ಟ. ಹೋಟೆಲಿನ ಜಮಖಾನೆಯ ಮೇಲೆ ಮೂವತ್ತೆರಡು ಬೆಟ್ಟಗಳು ಸಾಲಾಗಿ ನಿಂತು ಮೂಗಿನಿಂದ ಉಸಿರು ಬಿಡುತ್ತಿದ್ದಾಗ ಚಹಾ ತಂದ ಹೋಟೆಲಿನವನು ಬಾಗಿಲಲ್ಲೇ ತಡೆದು ನಿಂತಿದ್ದ, ಇದು ಯಾವ ಪಂಗಡದ ಪ್ರಾರ್ಥನೆಯೋ, ನಡುವೆ ನುಗ್ಗಬಾರದೇನೋ ಎಂದು. ಪಕ್ಕದ ಬೆಟ್ಟವಾಗಿದ್ದ ಲಾಗೋಸಿನ ಬೊಲಾಂಲೆ ತುಟಿ ಅಲ್ಲಾಡಿಸದೆ ಹೇಳಿದ್ದಳು: "ನಮ್ಮಲ್ಲೂ ಹಿಂಗೇ ಕಣೇ. ಅಮ್ಮನ ಫೋನ್ ಬಂದ್ರೂ ಸಾಕು, ನನ್ ಮಂಡಿ ತಾನಾಗೇ ಮಡಚ್ಕೊಳತ್ತೆ. ಇವ್ರಿಗೆ ಮಾತ್ರ ಹೇಳ್ಬೇಡ." ಅತಿಥಿಗೃಹದ ಕನ್ನಡಿ ಸೊಂಟದವರೆಗೆ ಮಾತ್ರ ಇತ್ತು. ಸೊಂಟದ ಮೇಲಿನ ಸ್ಕೋವಿಯಾ ನೀಲಿ ಕೋಟು ತೊಟ್ಟು ನಾಯಕಿಯ ಹಾಗೇ ಕಾಣುತ್ತಿದ್ದಳು. ಸೊಂಟದ ಕೆಳಗಿನವಳು, ನಿನ್ನೆ ಕೊಂಡ ಪ್ಯಾಂಟಿನೊಳಗೆ, ಏನು ಮಾಡುತ್ತಿದ್ದಳೋ ಕನ್ನಡಿಗೆ ಗೊತ್ತಿರಲಿಲ್ಲ. ಅವಳನ್ನು ತಯಾರು ಮಾಡಿದವಳು ಕೆಮಿಗೀಶಾ ಮೇಡಂ ಅಲ್ಲ, ಸೆಂಗಾ. ಅಪ್ಪನ ಅಕ್ಕ. ಐದನೇ ವಯಸ್ಸಿನಲ್ಲಿ ಅಪ್ಪನ ಸ್ನೇಹಿತರಿಗೆ ನೀರು ತಂದುಕೊಟ್ಟು ನಿಂತೇ ಇದ್ದ ಸ್ಕೋವಿಯಾಳ ಮಂಡಿಯ ಹಿಂಭಾಗಕ್ಕೆ ಪೊರಕೆಯಿಂದ ಒಂದು ಬಿಗಿದು, "ನೆಲ ಅಷ್ಟು ದೂರ ಇದೆಯೇನೇ ನಿಂಗೆ?" ಎಂದಿದ್ದಳು. ಆಮೇಲೆ ನೆಲ ದೂರವಿರಲಿಲ್ಲ. ಹಿರಿಯರು ಕಂಡರೆ, ಗಂಡಸರು ಕಂಡರೆ, ಪಾದ್ರಿ ಕಂಡರೆ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಮೇಷ್ಟ್ರು ಕಂಡರೂ, ಅವಳ ತಲೆ ಯೋಚಿಸುವ ಮೊದಲೇ ಮಂಡಿ ನೆಲ ಮುಟ್ಟಿರುತ್ತಿತ್ತು. ಮಕೆರೆರೆ ವಿಶ್ವವಿದ್ಯಾಲಯದ ಪದವಿ, ಅದರ ಮೇಲೊಂದು ಪದವಿ, ಯಾವುದೂ ಅಲ್ಲಿಯವರೆಗೆ ಇಳಿಯಲಿಲ್ಲ. ಕಂಪಾಲಾದ ದೊಡ್ಡ ಹೋಟೆಲಿನಲ್ಲಿ ಮೊದಲ ವರ್ಷದ ಸಮಾವೇಶ ನಡೆದಾಗ, ಸಚಿವಾಲಯದ ಒಬ್ಬ ಮುದಿ ಅಧಿಕಾರಿ ಅವಳ ಕಡೆ ಕೈಚಾಚಿದ. ಕೈಕುಲುಕುವ ಬದಲು ಅವಳು ಫೈಲನ್ನು ಎದೆಗೊತ್ತಿಕೊಂಡು ಜಮಖಾನೆಯ ಮೇಲೆ ಅರ್ಧ ಇಳಿದಿದ್ದಳು. ಅರ್ಧ ಇಳಿದು ನೆನಪಾಗಿ ಅಲ್ಲೇ ನಿಂತಿದ್ದಳು, ಮೇಲೂ ಇಲ್ಲ ಕೆಳಗೂ ಇಲ್ಲ, ಬಾವಿಕಟ್ಟೆಯಲ್ಲಿ ಕಾಲು ಜಾರಿದವಳ ಹಾಗೆ. ಯಾರೋ ಫೋಟೋ ತೆಗೆದರು. ಮಾರನೆಯ ದಿನ ಕೆಮಿಗೀಶಾ ಮೇಡಂ ಅದನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿ, "ನಮ್ಮೊಳಗಿನ ಶತ್ರು" ಎಂಬ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡಿದರು. ಮುಖ ಕಾಣದ ಹಾಗೆ ಮಸುಕು ಮಾಡಿದ್ದರು, ಅಷ್ಟು ಸೂಕ್ಷ್ಮ ಇತ್ತು. ಹೆಗಲಲ್ಲಿದ್ದ ಚೀಲ ಮಸುಕು ಮಾಡಿರಲಿಲ್ಲ. ಆ ಹಳದಿ ಚೀಲ ಯಾರದೆಂದು ಮೂವತ್ತೊಂದು ಜನಕ್ಕೂ ಗೊತ್ತಿತ್ತು; ಅದು ಆಗ ಅವಳ ತೊಡೆಯ ಮೇಲೇ ಇತ್ತು, ಅದನ್ನು ಕುರ್ಚಿಯ ಕೆಳಗೆ ತಳ್ಳಬೇಕೆಂದರೆ ಬಾಗಬೇಕಿತ್ತು.

ಇವತ್ತು ಕೊನೆಯ ಪರೀಕ್ಷೆ. ಸಂಸ್ಥೆಯ ಪೂರ್ವ ವಲಯದ ಮುಖ್ಯಸ್ಥೆಯ ಹುದ್ದೆಗೆ ಇಬ್ಬರು ಉಳಿದಿದ್ದರು. ಇನ್ನೊಬ್ಬಳು ಎಂಬರಾರ ಕಡೆಯವಳು, ಆರಡಿ ಎತ್ತರ, ಅವಳ ಮಂಡಿಗೆ ದೇವರು ಕೀಲನ್ನೇ ಇಟ್ಟಿರಲಿಲ್ಲ. ಹಾಲೆಂಡಿನಿಂದ ಬಂದ ಮರೈಕೆ ಎಂಬ ಅಧಿಕಾರಿ ಇಬ್ಬರನ್ನೂ ಅವರವರು ಕೆಲಸ ಮಾಡುವ ಹಳ್ಳಿಯಲ್ಲಿ, ಅವರವರ ಹೆಂಗಸರ ನಡುವೆ ಒಂದು ದಿನ ನೋಡಿ ತೀರ್ಮಾನಿಸುವವಳಿದ್ದಳು. ಸ್ಕೋವಿಯಾಗೆ ಈ ಹುದ್ದೆ ಬೇಕಿತ್ತು. ದೊಡ್ಡ ಮಾತುಗಳಿಗಾಗಿ ಅಲ್ಲ. ಮೂರು ವರ್ಷದಿಂದ ಅವಳು ಬರೆದ ಯೋಜನೆಗಳನ್ನು ಅವಳಿಗಿಂತ ಕಡಿಮೆ ತಿಳಿದವರು ತಿದ್ದುತ್ತಿದ್ದರು, ತಿದ್ದಿ ಹಾಳು ಮಾಡುತ್ತಿದ್ದರು, ಹಾಳಾದದ್ದಕ್ಕೆ ಅವಳಿಂದಲೇ ವಿವರಣೆ ಕೇಳುತ್ತಿದ್ದರು. ಒಮ್ಮೆಯಾದರೂ ತಿದ್ದುವ ಕಡೆ ಕೂರಬೇಕಿತ್ತು.

ಕಾರು ಕಮುಲಿ ರಸ್ತೆಯಲ್ಲಿ ಕಬ್ಬಿನ ಲಾರಿಗಳ ಹಿಂದೆ ತೆವಳುತ್ತಿತ್ತು. ಚಾಲಕ ಮ್ವೊಂಡಾನ ಪಕ್ಕ ಮರೈಕೆ, ಹಿಂದೆ ಕೆಮಿಗೀಶಾ ಮೇಡಂ ಮತ್ತು ಸ್ಕೋವಿಯಾ. ಮರೈಕೆಗೆ ಐವತ್ತರ ಆಸುಪಾಸು, ಬಿಸಿಲಿಗೆ ಕೆಂಪಾದ ಕತ್ತು, ಒಳ್ಳೆಯ ಕಣ್ಣು. ತೊಡೆಯ ಮೇಲೆ ಒಂದು ಪುಟ್ಟ ಪುಸ್ತಕ ಬಿಚ್ಚಿಟ್ಟುಕೊಂಡು ತುಟಿಯಲ್ಲೇ ಏನೋ ಉರು ಹಾಕುತ್ತಿದ್ದಳು. ಕೆಮಿಗೀಶಾ ಮೇಡಂ ಸ್ಕೋವಿಯಾಳ ಕಿವಿಯ ಹತ್ತಿರ ಬಾಗಿ, "ಕಾರಿಂದ ಇಳಿದ ತಕ್ಷಣ ಉಸಿರು ಎಳ್ಕೋ. ಹಿಮ್ಮಡಿ ಮೊದಲು ಊರು. ಮೊದಲ ಹತ್ತು ಹೆಜ್ಜೇಲೇ ಎಲ್ಲ ತೀರ್ಮಾನ ಆಗೋಗತ್ತೆ, ತಿಳೀತಾ?" ಎಂದರು. ತಿಳಿಯಿತು ಮೇಡಂ ಎಂದಳು ಸ್ಕೋವಿಯಾ. ಈ ಮೇಡಂ ಅವರ ಮದುವೆಗೆ ಮೊದಲಿನ ಶಾಸ್ತ್ರದ ವಿಡಿಯೋ ಆಫೀಸಿನಲ್ಲಿ ನೋಡದವರಿರಲಿಲ್ಲ. ಅದರಲ್ಲಿ ಅವರು ಬಂಗಾರದ ಬಣ್ಣದ ಉಡುಪಿನಲ್ಲಿ ಗಂಡಿನ ಕುಲದ ನೂರಿಪ್ಪತ್ತು ಜನರ ಮುಂದೆ ಮಧ್ಯಾಹ್ನ ಎರಡರಿಂದ ಸಂಜೆ ಐದರವರೆಗೆ ಮಂಡಿಯ ಮೇಲೆ ಓಡಾಡಿದ್ದಾರೆ, ತಟ್ಟೆ ಹಿಡಿದುಕೊಂಡು, ನಗುತ್ತ. ಅದು ಸಂಸ್ಕೃತಿ. ಸ್ಕೋವಿಯಾಳದು ಸಮಸ್ಯೆ. ಎರಡಕ್ಕೂ ವ್ಯತ್ಯಾಸ ಏನು ಎಂದು ತರಬೇತಿಯಲ್ಲಿ ಯಾರೋ ಕೇಳಿದ್ದಕ್ಕೆ, ಅದು ನನ್ನ ಆಯ್ಕೆ ಎಂದು ಉತ್ತರ ಬಂದಿತ್ತು. ಸ್ಕೋವಿಯಾ ಆ ಉತ್ತರವನ್ನು ಬಹಳ ದಿನ ತಲೆಯಲ್ಲಿ ತಿರುಗಿಸಿದ್ದಳು. ಹುಡುಕಿದಷ್ಟೂ ಅದರಲ್ಲಿ ತಪ್ಪು ಸಿಗಲಿಲ್ಲ, ಅದೇ ಅವಳಿಗೆ ಸಿಟ್ಟು ತರಿಸಿತ್ತು. ಕಬ್ಬಿನ ಲಾರಿಯಿಂದ ಒಂದು ಜಲ್ಲೆ ಜಾರಿ ರಸ್ತೆಗೆ ಬಿತ್ತು, ಮ್ವೊಂಡಾ ಬೈದುಕೊಂಡು ಪಕ್ಕಕ್ಕೆ ತಿರುಗಿಸಿದ, ಮೇಡಂ ಅವರ ಫಾರ್ಮು ಜಾರಿ ಕಾಲಡಿಗೆ ಬಿತ್ತು. ಸ್ಕೋವಿಯಾ ಎತ್ತಿಕೊಡಲು ಬಾಗಿದಳು, ಬಾಗಿದ ಮೇಲೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೇನೋ ಎಂದು ಭಯವಾಯಿತು.

ನಿನ್ನೆ ಸಂಜೆ ಅವಳು ಒಬ್ಬಳೇ ಬೋಡಾ ಹಿಡಿದು, ಆ ಬಾಡಿಗೆ ಬೈಕಿನ ಹಿಂದೆ ಕೂತು ಧೂಳು ತಿನ್ನುತ್ತ ತನ್ನ ಕೆಲಸದ ಹಳ್ಳಿ ಬುಕಸೇಗಕ್ಕೆ ಹೋಗಿದ್ದಳು. ಅಲ್ಲಿನ ಹೆಂಗಸರ ಗುಂಪಿನ ಅಧ್ಯಕ್ಷೆ ಜಾಜಾ ಕಗೋಯಾ, ಎಪ್ಪತ್ತರ ಮುದುಕಿ, ಊರಿಗೆಲ್ಲ ಅಜ್ಜಿ, ಅಂಗಳದಲ್ಲಿ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದಳು. ಸ್ಕೋವಿಯಾ ಹಳೆಯ ಲಂಗವನ್ನು ಸರಿಮಾಡಿಕೊಂಡು ಅವಳ ಮುಂದೆ ಮಂಡಿಯೂರಿದಳು. ಮಂಡಿಯೂರಿಕೊಂಡೇ, ನಾಳೆ ನಿಮ್ಮ ಮುಂದೆ ಮಂಡಿಯೂರುವುದಿಲ್ಲ, ತಪ್ಪು ತಿಳಿಯಬಾರದು ಎಂದು ಕೇಳಿಕೊಂಡಳು. ಮುದುಕಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಯಾಕೆ, ಬಿಳಿಯಮ್ಮಂಗೆ ಕೋಪ ಬರತ್ತಾ?"

"ಕೋಪ ಅಲ್ಲ ಜಾಜಾ. ನಾನು ಹೆದರ್ತೀನಿ ಅಂದ್ಕೋತಾರೆ."

"ಹೆದರೋದಿಲ್ವಾ ನೀನು?"

"ಹೆದರ್ತೀನಿ."

"ಮತ್ತೆ ಸರಿಯಾಗೇ ಅಂದ್ಕೋತಾರಲ್ಲ." ಮುದುಕಿ ಒಂದು ಕಾಳು ಬಾಯಿಗೆ ಹಾಕಿಕೊಂಡಳು. "ನಿಂತ್ರೆ ಕೆಲಸ ಸಿಗತ್ತಾ?"

"ಸಿಗಬೋದು."

"ಹಂಗಾದ್ರೆ ನಿಂತ್ಕೋ. ಏನಂತೆ. ಈ ಹೆಂಗಸರ ಬಾಯಿ ನಂಗೊತ್ತು, ಅದೂ ಆ ಜೈತೂನಿ. ನಾನೇ ಹೇಳ್ತೀನಿ ಬಿಡು, ಹುಡುಗಿ ಬೋಡಾದಿಂದ ಬಿದ್ದು ಮಂಡಿ ಊದಿಸ್ಕೊಂಡಿದಾಳೆ, ಬಗ್ಗಕ್ಕಾಗಲ್ಲ ಅಂತ. ಒಂದ್ ದಿನದ್ ಸುಳ್ಳು, ದೇವ್ರು ಲೆಕ್ಕಕ್ಕೆ ಹಿಡಿಯಲ್ಲ."

ಸ್ಕೋವಿಯಾ ನಕ್ಕಿದ್ದಳು. ಬೇಯಿಸಿದ ಗೆಣಸು, ಕಡಲೆಕಾಯಿ ಗೊಜ್ಜು ತಿಂದಿದ್ದಳು. ಇಷ್ಟು ಸುಲಭವಾಗಿ ಮುಗಿದದ್ದಕ್ಕೆ ಬೋಡಾದ ಮೇಲೆ ವಾಪಸು ಬರುವಾಗ ಹಾಡೂ ಹೇಳಿಕೊಂಡಿದ್ದಳು. ಈ ಮುದುಕಿಯೇ ಇಲ್ಲದಿದ್ದರೆ ಬುಕಸೇಗದಲ್ಲಿ ಗುಂಪೂ ಇರುತ್ತಿರಲಿಲ್ಲ, ಸ್ಕೋವಿಯಾಳ ಎಂಟು ಒಂಬತ್ತುಗಳೂ ಇರುತ್ತಿರಲಿಲ್ಲ. ಈ ಕಡೆ ಹೊಟ್ಟೆ ತಾನಾಗಿ ಮುಂದೆ ಬಂದು ಹೇಳುವ ತನಕ ಬಸಿರನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ, ಸವತಿಗೆ ಗೊತ್ತಾಗುತ್ತದೆ, ಹೊಟ್ಟೆಕಿಚ್ಚಿನವರು ಏನಾದರೂ ಮಾಡಿಸುತ್ತಾರೆ. ಹಾಗಾಗಿ ಆಸ್ಪತ್ರೆಗೆ ಹೋಗುವುದು ಏಳನೇ ತಿಂಗಳಲ್ಲಿ, ಇಲ್ಲವೆ ಹೋಗುವುದೇ ಇಲ್ಲ. ಬಸಿರಿಯರನ್ನು ಬೇಗ ಆಸ್ಪತ್ರೆಗೆ ತಲುಪಿಸುವ ಕೆಲಸ ಹೊತ್ತು ಮೂರು ವರ್ಷದ ಹಿಂದೆ ಸ್ಕೋವಿಯಾ ಇಲ್ಲಿಗೆ ಬಂದಾಗ ಅವಳ ಕೈಯಲ್ಲಿ ಒಂದು ಪಟ್ಟಿ, ಒಂದು ಪೆನ್ನು, ಹೇಳಿಕೊಡಲು ಒಂಬತ್ತು ಪಾಠ ಇದ್ದವು. ಯಾರೂ ಏನೂ ಹೇಳಲಿಲ್ಲ. ಪಾಠ ಬಿಟ್ಟು ಚಾಪೆಯಿಂದ ಚಾಪೆಗೆ ಹೋಗಿ ಪ್ರತಿಯೊಬ್ಬರ ಮುಂದೆ ಮಂಡಿಯೂರಿ ಕ್ಷೇಮ ಕೇಳಲು ಶುರು ಮಾಡಿದಳು, ಬೇರೇನೂ ತೋಚದೆ, ಅಭ್ಯಾಸಬಲದಿಂದ. ಕುಳಿತ ಹೆಂಗಸಿನ ಬಾಯಿ, ಮಂಡಿಯೂರಿದ ಹುಡುಗಿಯ ಕಿವಿ, ಎರಡೂ ಒಂದೇ ಎತ್ತರಕ್ಕೆ ಬರುತ್ತವೆ. ಆ ಎತ್ತರದಲ್ಲಿ ಮಾತ್ರ ಆಡುವ ಮಾತುಗಳಿದ್ದವು. ಎರಡು ತಿಂಗಳು ನಿಂತಿದೆ ಮಗಳೇ, ಯಾರಿಗೂ ಹೇಳಬೇಡ. ಗುರುವಾರಕ್ಕೆ ಗುರುವಾರ ಇಪ್ಪತ್ತೆಂಟು ಹೆಂಗಸರು ಸೇರಿದರು, ಒಬ್ಬೊಬ್ಬಳು ಹತ್ತು ಹತ್ತು ಮನೆಯ ಗುಟ್ಟು ಹೊತ್ತು ತಂದಳು, ಅವಳು ಸದ್ದಿಲ್ಲದೆ ಒಬ್ಬೊಬ್ಬರನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಂಪಾಲಾದ ಕಚೇರಿಯವರು ಅದಕ್ಕೆ ಸಮುದಾಯದ ನವೀನ ಮಾದರಿ ಎಂದು ಹೆಸರಿಟ್ಟು ಮೂರು ಬಣ್ಣದ ಚಿತ್ರ ಬರೆದರು. ಚಿತ್ರದಲ್ಲಿ ಬಾಣದ ಗುರುತುಗಳಿದ್ದವು. ಮಂಡಿ ಇರಲಿಲ್ಲ.

ಕಾರು ಹಲಸಿನ ಮರದಿಂದ ನಲವತ್ತು ಹೆಜ್ಜೆ ದೂರದಲ್ಲಿ ನಿಂತಿತು. ಮರದಡಿ ಚಾಪೆಗಳ ಮೇಲೆ ಹೆಂಗಸರೆಲ್ಲ ಹಬ್ಬದ ಉಡುಗೆ ಗೋಮೆಸಿ ಉಟ್ಟು, ಭುಜದ ಮೂಲೆಗಳನ್ನು ಚೂಪಾಗಿ ನಿಲ್ಲಿಸಿಕೊಂಡು, ನಡುಪಟ್ಟಿ ಬಿಗಿದು, ಮದುವೆಗೆ ಬಂದವರಂತೆ ಕುಳಿತಿದ್ದರು. ಸ್ಕೋವಿಯಾ ಉಸಿರೆಳೆದುಕೊಂಡಳು. ಹಿಮ್ಮಡಿ ಮೊದಲು ಊರಿದಳು. ಭುಜ ಹಿಂದೆ, ಗಲ್ಲ ಮೇಲೆ, ಕೈ ಬೀಸು. ಒಂದು, ಎರಡು, ಮೂರು. ಪ್ಯಾಂಟಿನ ಬಟ್ಟೆ ತೊಡೆಗೆ ಉಜ್ಜುವ ಸದ್ದು ಅವಳಿಗೇ ಕೇಳುತ್ತಿತ್ತು. ಹತ್ತು ಹೆಜ್ಜೆ ದಾಟಿದಾಗ ಹಿಂದಿನಿಂದ ಕೆಮಿಗೀಶಾ ಮೇಡಂ ತೃಪ್ತಿಯಿಂದ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಇಪ್ಪತ್ತು ದಾಟಿದಾಗ ಚಾಪೆಗಳ ಮೇಲಿನ ಮುಖಗಳು ಕಾಣಿಸತೊಡಗಿದವು, ಎಲ್ಲರೂ ಅವಳ ಕಾಲನ್ನೇ ನೋಡುತ್ತಿದ್ದರು. ಪ್ಯಾಂಟು ನೋಡುತ್ತಿದ್ದಾರೆ ಎಂದುಕೊಂಡಳು. ಮೂವತ್ತು ದಾಟಿದ ಮೇಲೆ ನೆನಪಾಯಿತು. ಮಂಡಿ ಊದಿಕೊಂಡಿದೆ. ನಿನ್ನೆ ಬೋಡಾದಿಂದ ಬಿದ್ದಿದ್ದಾಳೆ. ಕನ್ನಡಿಯ ಮುಂದೆ ಎಲ್ಲವನ್ನೂ ಅಭ್ಯಾಸ ಮಾಡಿದ್ದಳು, ಕುಂಟುವುದೊಂದನ್ನು ಬಿಟ್ಟು. ಈಗ ಕುಂಟಲು ಶುರು ಮಾಡಿದರೆ ಮೂವತ್ತು ಹೆಜ್ಜೆ ಚೆನ್ನಾಗಿದ್ದ ಕಾಲು ಮೂವತ್ತೊಂದರಲ್ಲಿ ಕೆಟ್ಟದ್ದನ್ನು ಇಪ್ಪತ್ತೆಂಟು ಜನ ನೋಡುತ್ತಾರೆ. ಎಡಗಾಲೋ ಬಲಗಾಲೋ ಜಾಜಾ ಯಾವುದು ಹೇಳಿದ್ದಾಳೋ. ಯೋಚಿಸುವಷ್ಟರಲ್ಲಿ ಚಾಪೆಯ ಅಂಚು ಬಂದಿತ್ತು.

ಆಮೇಲೆ ಆದದ್ದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿ ನಡೆದು ಬರುತ್ತಿದ್ದ ಮರೈಕೆ, ಆರು ಸಾವಿರ ಕಿಲೋಮೀಟರ್ ದೂರದಿಂದ ಗತ್ತು ಅಳೆಯಲು ಬಂದ ಮರೈಕೆ, ಕೈಯಲ್ಲಿದ್ದ ಪುಟ್ಟ ಪುಸ್ತಕವನ್ನು ಜೇಬಿಗಿಟ್ಟು ಎರಡೂ ಮಂಡಿಯನ್ನು ಧೂಳಿನಲ್ಲಿ ಊರಿಬಿಟ್ಟಳು. ಊರಿ, ಜಾಜಾ ಕಗೋಯಾಳ ಒಣಗಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಉರು ಹಾಕಿದ್ದ ಆ ಕಡೆಯ ಭಾಷೆಯ ಕ್ಷೇಮಸಮಾಚಾರವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಆಮೇಲೆ ಹೆಂಗಸರು ಒಟ್ಟಿಗೇ ಕೇಕೆ ಹಾಕಿದರು, ನಾಲಿಗೆ ಹೊರಳಿಸಿ, ಹಲಸಿನ ಮರದ ಹಕ್ಕಿಗಳೆಲ್ಲ ಹಾರಿಹೋಗುವಷ್ಟು. ಯಾರೋ ಮರೈಕೆಯ ಭುಜ ಸವರಿದರು, ಯಾರೋ ಅವಳ ಕೂದಲು ಮುಟ್ಟಿದರು. ಈ ಗದ್ದಲದ ನಟ್ಟನಡುವೆ ಒಂದೇ ಒಂದು ತಲೆ ಎಲ್ಲಕ್ಕಿಂತ ಮೇಲಿತ್ತು, ಅದು ಸ್ಕೋವಿಯಾಳದು. ಅವಳ ಮಂಡಿಗಳು ಆಗಲೇ ಸಡಿಲವಾಗತೊಡಗಿದ್ದವು, ಒಳಗಿನಿಂದ ಆ ಹಳೆಯ ಬೆಚ್ಚನೆಯ ಜಾರು ಶುರುವಾಗಿತ್ತು. ಈಗ ಊರಿದರೆ ಬಿಳಿಯ ಹೆಂಗಸನ್ನು ನೋಡಿ ಕಲಿತ ಹಾಗಾಗುತ್ತದೆ. ಈಗ ಊರಿದರೆ ಜಾಜಾ ಹೇಳಿದ್ದು ಸುಳ್ಳೆಂದು ತಾನೇ ಸಾರಿದ ಹಾಗಾಗುತ್ತದೆ. ಈಗ ಊರಿದರೆ ಏಳನೆಯ ಕಲಮು. ಅವಳು ತೊಡೆ ಬಿಗಿದಳು, ಹಲ್ಲು ಕಚ್ಚಿದಳು, ಬೆಟ್ಟ ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮಂಡಿಗಳು ಅವಳ ಮಾತು ಕೇಳಿದವು.

ಕೇಕೆ ನಿಂತ ಮೇಲೆ ಜೈತೂನಿ ಬಾಯಿ ತೆಗೆದಳು. ಆ ಊರಲ್ಲಿ ಯಾವ ಮಾತೂ ಅವಳನ್ನು ದಾಟದೆ ಹೋಗುವುದಿಲ್ಲ. "ಮಂಡಿ ಊದಿದೆ ಅಂತ ಕೇಳಿ ಬೆಳಿಗ್ಗೆಯಿಂದ ಸಂಕಟ ಪಡ್ತಿದ್ವಿ ನಾವು. ನಡಿಗೆ ನೋಡಿದ್ರೆ ಪೊಲೀಸ್ ಪರೇಡಿಗೆ ಸೇರಿಸ್ಕೋಬೋದು."

ಹಿಂದಿನ ಚಾಪೆಯಿಂದ ಇನ್ನೊಬ್ಬಳು, "ಪ್ಯಾಂಟು ಹಾಕ್ಕೊಂಡ್ರೆ ಊತ ಇಳಿಯತ್ತಂತೆ ಕಣೇ. ನೀನೂ ಒಂದ್ ಕೊಂಡ್ಕೋ," ಎಂದಳು.

ನಗು ಎದ್ದಿತು, ಆದರೆ ಅದು ಗುರುವಾರದ ನಗುವಲ್ಲ. ಕೈಯ ಮರೆಯಲ್ಲಿ ನಗುವಂಥದು. ಎಲ್ಲರೂ ಜಾಜಾಳ ಕಡೆ ನೋಡಿದರು. ಜಾಜಾ ಮರೈಕೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಗೋಮೆಸಿಯ ನಡುಪಟ್ಟಿಯ ತುದಿಯನ್ನು ಸುಮ್ಮನೆ ಮಡಚಿ ಬಿಚ್ಚುತ್ತ, "ನಾನೇ ಹೇಳಿದ್ದು. ಬೆಳಗಾಗೋದ್ರೊಳಗೆ ವಾಸಿ ಆಯ್ತೇನೋ. ಪಟ್ಟಣದ ಔಷಧಿ," ಎಂದಳು. ಎಪ್ಪತ್ತು ವರ್ಷದಲ್ಲಿ ಆ ಮುದುಕಿಯ ಮಾತಿಗೆ ಸಾಕ್ಷಿ ಕೇಳಿದವರಿರಲಿಲ್ಲ. ಅವಳು ಸ್ಕೋವಿಯಾಳ ಮುಖ ನೋಡಲಿಲ್ಲ. "ಯಾರಾದ್ರೂ ಹೋಗಿ ಮೇಡಂಗೆ ಕುರ್ಚಿ ತನ್ನಿ," ಎಂದಳು.

ನೀಲಿ ಪ್ಲಾಸ್ಟಿಕ್ ಕುರ್ಚಿ ಬಂತು. ಮೂರು ವರ್ಷದಲ್ಲಿ ಬುಕಸೇಗದಲ್ಲಿ ಯಾರೂ ಅವಳನ್ನು ಮೇಡಂ ಎಂದಿರಲಿಲ್ಲ. ಮಗಳು ಎನ್ನುತ್ತಿದ್ದರು, ಹುಡುಗಿ ಎನ್ನುತ್ತಿದ್ದರು, ಸಿಟ್ಟು ಬಂದರೆ ಕಡ್ಡಿಕಾಲಿನವಳು ಎನ್ನುತ್ತಿದ್ದರು. ಮರೈಕೆ ಚಾಪೆಯ ಮೇಲೆ ಹೆಂಗಸರ ನಡುವೆ ಜಾಗ ಮಾಡಿಸಿಕೊಂಡು ಕೂತಿದ್ದಳು, ಅವಳ ತೊಡೆಯ ಮೇಲೆ ಆಗಲೇ ಯಾರದೋ ಮಗು. ಕೆಮಿಗೀಶಾ ಮೇಡಂ ಮರಕ್ಕೊರಗಿ ಫಾರ್ಮು ಬಿಡಿಸಿದ್ದರು. ಸ್ಕೋವಿಯಾ ಕುರ್ಚಿಯಲ್ಲಿ ಕೂರಲಿಲ್ಲ, ಅದರ ಬೆನ್ನನ್ನು ಹಿಡಿದು ನಿಂತು ಮಾತಾಡಿದಳು. ಚೆನ್ನಾಗಿ ಮಾತಾಡಿದಳು. ಅದು ಅವಳಿಗೂ ಗೊತ್ತಾಗುತ್ತಿತ್ತು: ದನಿ ಎಲ್ಲಿ ಏರಬೇಕೋ ಅಲ್ಲಿ ಏರುತ್ತಿತ್ತು, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುತ್ತಿತ್ತು. ಮೇಲಿನಿಂದ ನೋಡಿದರೆ ಹೆಂಗಸರ ಮುಖ ಕಾಣುವುದಿಲ್ಲ, ತಲೆಯ ಬೈತಲೆ ಕಾಣುತ್ತದೆ, ಜಡೆಯ ಸಾಲುಗಳು ಕಾಣುತ್ತವೆ. ಇದನ್ನು ಅವಳು ಈಗಷ್ಟೇ ಕಂಡುಕೊಂಡಳು. ಯಾರ ಜಡೆ ಯಾರದೆಂದು ಗುರುತು ಹತ್ತುತ್ತಿರಲಿಲ್ಲ.

ಮಾತಿನ ನಡುವೆ ಮುತೇಸಿ ಬಂದಳು. ಜಾಜಾಳ ಮೊಮ್ಮಗನ ಹೆಂಡತಿ, ಹತ್ತೊಂಬತ್ತು ವರ್ಷ, ಹೋದ ವರ್ಷ ಏಳನೇ ತಿಂಗಳಲ್ಲಿ ಒಂದು ಕೂಸನ್ನು ಕಳೆದುಕೊಂಡವಳು. ಕೈಯಲ್ಲಿ ಒಂದು ಬೋಗುಣಿ, ಅದರಲ್ಲಿ ಬಿಸಿಮಾಡಿದ ಎಲೆಗಳು, ಇನ್ನೂ ಹಬೆಯಾಡುತ್ತಿದ್ದವು. ಮಂಡಿಯ ಊತಕ್ಕೆಂದು ಬೆಳಿಗ್ಗೆಯೇ ಹುಡುಕಿ ತಂದು ಕಾಯಿಸಿದ್ದಳು. ಒಲೆಯ ಹತ್ತಿರವೇ ಇದ್ದುದರಿಂದ ಇಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಬಂದಿದ್ದಳೋ, ಎಲೆಗಳು ಬರೀ ನೆಪವೋ. ಅವಳು ನೇರವಾಗಿ ಬಂದು ಸ್ಕೋವಿಯಾಳ ಕಾಲ ಬಳಿ ಮಂಡಿಯೂರಿ, ಬೋಗುಣಿ ಪಕ್ಕಕ್ಕಿಟ್ಟು, ಪ್ಯಾಂಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ನೋಡಿದಳು.

"ಅಕ್ಕಾ, ಒಂದು ಮಾತು."

ಸ್ಕೋವಿಯಾಗೆ ಆ ದನಿ ಗೊತ್ತಿತ್ತು. ಮೂರು ವರ್ಷದಲ್ಲಿ ನೂರು ಸಲ ಕೇಳಿದ ದನಿ ಅದು, ಆ ತಗ್ಗು, ಆ ಅವಸರ. ಮುಂದೆ ಬರುವ ಮಾತು ಏನೆಂದೂ ಗೊತ್ತಿತ್ತು. ಕಿವಿಯನ್ನು ಮೂರಡಿ ಕೆಳಗೆ ಒಯ್ಯಬೇಕಿತ್ತು, ಅಷ್ಟೇ. ಮರೈಕೆ ನೋಡುತ್ತಿದ್ದಳು. ಮೇಡಂ ಅವರ ಪೆನ್ನು ಕಾಗದದ ಮೇಲೆ ನಿಂತಿತ್ತು. ತನ್ನ ಕಾಲ ಬಳಿ ಒಬ್ಬ ಬಡ ಹುಡುಗಿ ಮಂಡಿಯೂರಿ ಕೂತಿರುವ ಚಿತ್ರ ಮರದ ಕಡೆಯಿಂದ ಹೇಗೆ ಕಾಣುತ್ತದೆಂದು ಸ್ಕೋವಿಯಾಗೆ ಒಮ್ಮೆಲೇ ಹೊಳೆಯಿತು, ಗೋಡೆಯಷ್ಟು ದೊಡ್ಡದಾಗಿ. ಅವಳು ಮುತೇಸಿಯ ಮೊಣಕೈ ಹಿಡಿದು ಮೇಲೆತ್ತಿದಳು.

"ಎದ್ದು ನಿಂತು ಹೇಳು ಮುತೇಸಿ," ಎಂದಳು, ದನಿಯನ್ನು ಎಲ್ಲರ ಕಡೆಗೆ ತಿರುಗಿಸಿ. "ಎಲ್ಲರಿಗೂ ಕೇಳೋ ಹಾಗೆ ಹೇಳು. ಇಲ್ಲಿ ಯಾರೂ ಯಾರ ಮುಂದೆಯೂ ಮಂಡಿಯೂರಬೇಕಾಗಿಲ್ಲ. ನಿನ್ನ ಮಾತಿಗೂ ಬೆಲೆ ಇದೆ."

ಕೆಮಿಗೀಶಾ ಮೇಡಂ ಚಪ್ಪಾಳೆ ತಟ್ಟಿದರು. ಏನೆಂದಳು ಎಂದು ಮರೈಕೆ ಕೇಳಿದಳು, ಮೇಡಂ ಹೇಳಿದರು, ಮರೈಕೆಯ ಒಳ್ಳೆಯ ಕಣ್ಣು ತುಂಬಿಕೊಂಡಿತು, ಅವಳೂ ಚಪ್ಪಾಳೆ ತಟ್ಟಿದಳು, ತೊಡೆಯ ಮೇಲಿನ ಮಗು ಬೆದರಿ ಅತ್ತಿತು. ಮುತೇಸಿ ಇಪ್ಪತ್ತೇಳು ಜನರ ಮುಂದೆ ಎದ್ದು ನಿಂತಿದ್ದಳು. ಅವಳ ಮಾತಿಗೆ ಬಂದಿದ್ದ ಬೆಲೆಯನ್ನು ಎಲ್ಲರೂ ಕಾಯುತ್ತಿದ್ದರು. ಮೊದಲ ಸಾಲಿನಲ್ಲಿ ಅವಳ ಗಂಡನ ಚಿಕ್ಕಮ್ಮ, ಎರಡನೆಯದರಲ್ಲಿ ಗಂಡ ಮೊದಲು ಮದುವೆಯಾಗಬೇಕಿದ್ದವಳ ತಾಯಿ.

"ಏನಿಲ್ಲ," ಎಂದಳು ಮುತೇಸಿ. "ಎಲೆ ಆರೋಗತ್ತೆ ಅಂತ ಹೇಳಕ್ಕೆ ಬಂದೆ."

ಆಮೇಲೆ ಊಟವಾಯಿತು. ಗೆಣಸು, ಒಣಮೀನಿನ ಸಾರು, ಮರೈಕೆಗೆ ಒಂದು ಇಡೀ ಹಲಸಿನ ಹಣ್ಣು. ಜಾಜಾ ತಲೆನೋವೆಂದು ಒಳಗೆ ಹೋಗಿ ಮಲಗಿದಳು. ಸ್ಕೋವಿಯಾಗೆ ತಟ್ಟೆಯನ್ನು ಕುರ್ಚಿಯ ಹತ್ತಿರವೇ ತಂದುಕೊಟ್ಟರು, ತಂದವಳು ಮಂಡಿಯೂರಿ ಕೊಟ್ಟಳು, ಮೇಡಂಗೆ ಕೊಡುವ ಹಾಗೆ. ಅವಳು ತೆಗೆದುಕೊಂಡಳು. ವಾಪಸು ಬರುವಾಗ ಮರೈಕೆ ತನ್ನ ಪ್ಯಾಂಟಿನ ಮಂಡಿಗಳಿಗೆ ಮೆತ್ತಿದ್ದ ಕೆಂಪು ಮಣ್ಣನ್ನು ಕೊಡವಲಿಲ್ಲ. ಅದರ ಫೋಟೋ ತೆಗೆದುಕೊಂಡಳು. "ನನಗೇ ಗೊತ್ತಾಗದ ಹಾಗೆ ಬಾಗಿಬಿಟ್ಟೆ," ಎಂದಳು, ಬೆರಗಿನಿಂದ. "ನನ್ನ ಹಿಡಿತದಲ್ಲೇ ಇರಲಿಲ್ಲ ಅದು. ನಿನಗೆ ಹಾಗೆ ಅನ್ನಿಸಲಿಲ್ಲವಾ, ಸ್ಕೋವಿಯಾ?"

"ಇಲ್ಲ," ಎಂದಳು ಸ್ಕೋವಿಯಾ.

"ನೋಡಿದ್ರಾ," ಎಂದರು ಕೆಮಿಗೀಶಾ ಮೇಡಂ. ಏಳನೆಯ ಕಲಮಿನ ಮುಂದೆ ಒಂಬತ್ತು ಬರೆದಿದ್ದರು. ಪೂರ್ತಿ ಹತ್ತನ್ನು ಅವರು ಯಾರಿಗೂ ಕೊಡುವುದಿಲ್ಲ, ಬೆಳೆಯಲು ಜಾಗ ಇರಬೇಕು.

ಮುಂದಿನ ಗುರುವಾರ ಸ್ಕೋವಿಯಾ ಹಳೆಯ ಲಂಗ ಉಟ್ಟುಕೊಂಡು ಬೋಡಾದಲ್ಲಿ ಹೋದಳು. ಆ ಹೊತ್ತಿಗೆ ಹುದ್ದೆಯ ಪತ್ರ ಕೈಗೆ ಬಂದಿತ್ತು, ಅದನ್ನು ಚೀಲದ ತಳದಲ್ಲಿಟ್ಟಿದ್ದಳು. ಮರದಡಿ ಒಂಬತ್ತು ಜನ ಇದ್ದರು. ಜಾಜಾ ಕಲಿರೋ ಊರಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ ಎಂದರು. ಮುತೇಸಿ ಕಾಣಲಿಲ್ಲ, ಬಟ್ಟೆ ಒಗೆಯಲು ಹೋಗಿದ್ದಾಳೆ ಎಂದರು. ಸ್ಕೋವಿಯಾ ಚಾಪೆಯ ಅಂಚಿನಲ್ಲಿ, ಮಣ್ಣಿನಲ್ಲಿ, ಎರಡೂ ಮಂಡಿ ಊರಿ ಕೂತಳು. ಒಂಬತ್ತು ಜನವೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ಯಾರೂ ನಗಲಿಲ್ಲ, ನಕ್ಕಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಜೈತೂನಿ ಎದ್ದು ಬಂದು, ಎರಡೂ ತೋಳು ಹಿಡಿದು, ರೋಗಿಯನ್ನು ಏಳಿಸುವ ಹಾಗೆ ಮೆಲ್ಲಗೆ ಏಳಿಸಿದಳು.

"ಏಳಿ ಮೇಡಂ. ಬಟ್ಟೆ ಕೊಳೆ ಆಗತ್ತೆ."

ನೀಲಿ ಕುರ್ಚಿ ಆಗಲೇ ಬಂದಿತ್ತು. ಅವಳು ಅದರಲ್ಲಿ ಕೂತು ಎಲ್ಲರ ಕ್ಷೇಮ ಕೇಳಿದಳು. ಎಲ್ಲರೂ ಕ್ಷೇಮವಾಗಿದ್ದರು. ಯಾರ ಮನೆಯಲ್ಲಾದರೂ ವಿಶೇಷ ಇದೆಯೇ ಎಂದು ಕೇಳಿದಳು. ಏನೂ ಇರಲಿಲ್ಲ. ಮುತೇಸಿಯ ಮನೆಯ ಕಡೆ ಹೋಗಿ ಬಾಗಿಲು ತಟ್ಟಿದಳು. ಒಳಗೆ ಯಾರೋ ಪಾತ್ರೆ ಸರಿಸುವ ಸದ್ದಾಯಿತು, ಆಮೇಲೆ ಅದೂ ನಿಂತಿತು. ಬೋಡಾದವನು ಹಾರ್ನು ಬಾರಿಸಿದ. ಬಾಗಿಲಿಗೆ ಇನ್ನೊಂದು ಸಲ ತಟ್ಟಬಹುದಿತ್ತು. ಕೂಗಿ ಕರೆಯಬಹುದಿತ್ತು, ಕೂಗಿದರೆ ಅಕ್ಕಪಕ್ಕದವರಿಗೆಲ್ಲ ಕೇಳುತ್ತಿತ್ತು, ಅದೊಂದು ನೆಪ ಸಿಕ್ಕಿತು.

ವಲಯದ ಕಚೇರಿ ಜಿಂಜಾದಲ್ಲಿ ಎರಡನೇ ಮಹಡಿ, ಕಿಟಕಿಯಿಂದ ನೈಲ್ ಕಾಣುತ್ತದೆ. ಸ್ಕೋವಿಯಾ ಈಗ ತಿದ್ದುವ ಕಡೆ ಕೂರುತ್ತಾಳೆ. ಹೊಸ ಹುಡುಗಿಯರ ತರಬೇತಿಗೆ ಅವಳನ್ನೇ ಕರೆಯುತ್ತಾರೆ, ನಿಲ್ಲುವುದು ಹೇಗೆಂದು ಹೇಳಿಕೊಡಲು; ಅವಳು ಚೆನ್ನಾಗಿ ಹೇಳಿಕೊಡುತ್ತಾಳೆ, ಹುಡುಗಿಯರು ಮೂಗಿನಿಂದ ಉಸಿರು ಬಿಡುತ್ತಾರೆ. ಬುಕಸೇಗಕ್ಕೆ ಅವಳ ಜಾಗದಲ್ಲಿ ಒಬ್ಬ ಚುರುಕಾದ ಹುಡುಗನನ್ನು ಹಾಕಿದ್ದರು, ಅವನಿಗೆ ಒಂಬತ್ತು ಪಾಠವೂ ಬಾಯಿಗೆ ಬರುತ್ತಿತ್ತು. ಅರ್ಧ ವರ್ಷದ ವರದಿಯನ್ನು ಅವನು ಅಚ್ಚುಕಟ್ಟಾಗಿ ಬರೆದು ಕಳಿಸಿದ. ತಿದ್ದಲು ಅದರಲ್ಲಿ ಏನೂ ಇರಲಿಲ್ಲ. ಅವಳು ಬುಕಸೇಗದ ಸಾಲಿನ ಮೇಲೆ ಪೆನ್ನಿಟ್ಟು ಒಂದೊಂದಾಗಿ ಓದಿದಳು. ಗುಂಪು ಬಿಟ್ಟ ಹೆಂಗಸರು, ಅಧ್ಯಕ್ಷೆಯೂ ಸೇರಿ, ಹತ್ತೊಂಬತ್ತು. ಐದನೇ ತಿಂಗಳು ಕಳೆಯುವ ತನಕ ಯಾರಿಗೂ ಹೇಳದ ಬಸಿರು ಹನ್ನೊಂದು. ಮನೆಯಲ್ಲೇ ಆದ ಹೆರಿಗೆ ಆರು. ಉಳಿಯದ ಕೂಸು ಎರಡು, ಎರಡನೆಯದು ಮುತೇಸಿಯದು.